ಅಂಕವಿಲ್ಲದ ವಿಷಯ: ತೆಂಗಿನ ಸೀಮೆಯ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಯುವ ಬಗೆ

ಎಸ್‌ಎಸ್‌ಎಲ್‌ಸಿಗೆ ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ನೂರು ನೂರು. ಈ ಲೆಕ್ಕದಲ್ಲಿ ಚಿತ್ರಕಲೆಯ ಹೆಸರೇ ಇಲ್ಲ. ವೇಳಾಪಟ್ಟಿಯಲ್ಲಿ ಡ್ರಾಯಿಂಗ್ ಪೀರಿಯಡ್ಡು ಇದ್ದರೂ ಜನವರಿ ಬಂತೆಂದರೆ ಗಣಿತದವರೋ ವಿಜ್ಞಾನದವರೋ ಅದನ್ನು ಕಡ ಕೇಳುತ್ತಾರೆ. ಆ ಕಡ ತೀರಿದ್ದನ್ನು ಕಂಡವರು ಕಡಿಮೆ. ಮನೆಯಲ್ಲಿ ಹೇಳುವುದೂ ಅದನ್ನೇ: ‘ಚಿತ್ರ ಬರ್ಕಂಡು ಕೂತ್ರೆ ಹೊಟ್ಟೆ ತುಂಬುತ್ತೇನಪ್ಪಾ?’

ಹೊಟ್ಟೆಯ ಮಾತಿಗೆ ಆಮೇಲೆ ಬರೋಣ. ಈ ವಿಷಯ ಶಾಲೆಯಲ್ಲಿ ಎಲ್ಲಿ ನಿಂತಿದೆ, ಅದರೊಳಗೆ ನಿಜವಾಗಿ ಕಲಿಯುವುದೇನು ಎಂಬುದು ಮೊದಲು ಗೊತ್ತಾಗಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮಕ್ಕಳಿಗೆ ಇನ್ನೂ ಒಂದು ಅನುಕೂಲವಿದೆ. ಪಟ್ಟಣದ ಕಲಾಶಾಲೆಗಳು ದುಡ್ಡು ಕೊಟ್ಟು ತಂದು ಮೇಜಿನ ಮೇಲೆ ಜೋಡಿಸುವ ಮಾದರಿಗಳು ಇಲ್ಲಿ ಹಿತ್ತಲಲ್ಲೇ ಬಿದ್ದಿರುತ್ತವೆ.

ರಾಜ್ಯ ಪಠ್ಯಕ್ರಮದಲ್ಲಿ ದೈಹಿಕ ಶಿಕ್ಷಣ, ಕಾರ್ಯಾನುಭವಗಳ ಸಾಲಿನಲ್ಲೇ ಕಲಾ ಶಿಕ್ಷಣವೂ ಇದೆ. ಇವುಗಳಿಗೆ ಅಂಕವಿಲ್ಲ, ಶಾಲೆಯ ಮಟ್ಟದಲ್ಲಿ ಶ್ರೇಣಿ ಮಾತ್ರ. ಸಿಬಿಎಸ್‌ಇ ಶಾಲೆಯಾದರೆ ‘ಪೇಂಟಿಂಗ್’ ಎಂಬ ವಿಷಯವನ್ನೇ ಆರಿಸಿಕೊಳ್ಳಬಹುದು; ಅದರಲ್ಲಿ ಬರಹದ ಪತ್ರಿಕೆಗೆ 30, ಕೈಕೆಲಸಕ್ಕೆ 70 ಅಂಕ. ಐಸಿಎಸ್‌ಇಯಲ್ಲೂ ‘ಆರ್ಟ್’ ಐಚ್ಛಿಕ ವಿಷಯ. 2023ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕಲೆಯನ್ನು ಹತ್ತನೇ ತರಗತಿಯವರೆಗೆ ಉಳಿದ ವಿಷಯಗಳ ಸರಿಸಮಕ್ಕೆ ಕೂರಿಸಿದೆ. ಕಾಗದದ ಮೇಲೆ.

ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಇರುವ ದಾರಿ ಡ್ರಾಯಿಂಗ್ ಗ್ರೇಡ್ ಪರೀಕ್ಷೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಎಂದು ಎರಡು ಹಂತ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ನಡೆಸುವ ಮಂಡಳಿಯೇ, ಎಂದರೆ ಮಲ್ಲೇಶ್ವರದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯೇ, ಇದನ್ನೂ ನಡೆಸುತ್ತದೆ. ಅರ್ಹತೆ, ಶುಲ್ಕ, ಕಡೆಯ ದಿನಾಂಕ ಎಲ್ಲವೂ ಆಯಾ ವರ್ಷದ ಪ್ರಕಟಣೆಯಲ್ಲಿ ಬರುತ್ತವೆ. ಪ್ರಕಟಣೆ ಶಾಲೆಗೆ ಬಂದು ಕಡತ ಸೇರುವುದೂ ಉಂಟು. ಆದ್ದರಿಂದ ಶಾಲೆ ಶುರುವಾದ ಕೂಡಲೇ ಮುಖ್ಯ ಶಿಕ್ಷಕರ ಕಿವಿಗೊಂದು ಮಾತು ಹಾಕಿಡಿ. ನಿಮ್ಮ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಇಲ್ಲದಿದ್ದರೆ ತಾಲ್ಲೂಕಿನ ಬಿಇಒ ಕಚೇರಿಯಲ್ಲಿ, ಅಥವಾ ಪಕ್ಕದ ಹೈಸ್ಕೂಲಿನ ಚಿತ್ರಕಲಾ ಶಿಕ್ಷಕರಲ್ಲಿ ವಿಚಾರಿಸಿ.

ಮಹಾರಾಷ್ಟ್ರದಲ್ಲಿ ಇದೇ ಬಗೆಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಪರೀಕ್ಷೆಗಳಿವೆ. ಅಲ್ಲಿ ಇಂಟರ್‌ಮೀಡಿಯೆಟ್ ಪಾಸಾದ ಮಕ್ಕಳಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕ ಸೇರುತ್ತದೆ. ನಮ್ಮಲ್ಲಿ ಸಿಗುವುದು ಪ್ರಮಾಣಪತ್ರ. ಅಷ್ಟಾದರೂ ಇರಲಿ, ಪರೀಕ್ಷೆಯ ನೆಪದಲ್ಲಿ ಆಗುವ ಅಭ್ಯಾಸ ಪ್ರಮಾಣಪತ್ರಕ್ಕಿಂತ ದೊಡ್ಡದು.

ಎರಡು ಹಂತಗಳಿಗೂ ಪತ್ರಿಕೆಗಳ ಹಂಚಿಕೆ ಬೇರೆ ಬೇರೆ. ಆದರೆ ಕೈ ಪಳಗಬೇಕಾದದ್ದು ಇವುಗಳಲ್ಲೇ: ಎದುರಿಗಿಟ್ಟ ವಸ್ತುವಿನ ಚಿತ್ರ, ಗಿಡಮರಗಳ ಚಿತ್ರ, ನೆನಪಿನಿಂದ ಬರೆಯುವ ಚಿತ್ರ, ಅಲಂಕಾರದ ವಿನ್ಯಾಸ, ಜ್ಯಾಮಿತಿ, ಅಕ್ಷರ ಬರವಣಿಗೆ, ದೂರ ಹತ್ತಿರಗಳನ್ನು ತೋರಿಸುವ ಪರ್ಸ್ಪೆಕ್ಟಿವ್. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮಾದರಿಯನ್ನು ನಮ್ಮ ಕಲಾಶಾಲೆಗಳಿಗೆ ತಂದಾಗ ಅವರಿಗೆ ಬೇಕಿದ್ದದ್ದು ಅಳತೆ ತಪ್ಪದ ಕುಶಲಕರ್ಮಿಗಳು. ಆ ಶಿಸ್ತಿನ ವಾಸನೆ ಈ ಪಟ್ಟಿಯಲ್ಲಿ ಇನ್ನೂ ಇದೆ. ಒಣಕಲು ಎಂದು ಬೈಯುವವರೂ ಇದ್ದಾರೆ. ನನ್ನ ಮಟ್ಟಿಗೆ ಹದಿಮೂರು ಹದಿನಾಲ್ಕರ ವಯಸ್ಸಿಗೆ ಈ ಒಣಕಲೇ ಒಳ್ಳೆಯದು. ಗೊತ್ತಿರುವುದನ್ನು ಬರೆಯುವ ಚಾಳಿ ಬಿಡಿಸಿ, ಕಾಣುವುದನ್ನು ಬರೆಯಿಸುತ್ತದೆ.

ಒಂದು ಕಾಯಿ ಒಡೆದು, ಹೋಳನ್ನು ಬಾಯಿ ಮೇಲಾಗಿ ಮೇಜಿನ ಮೇಲಿಡಿ. ಹೋಳಿನ ಬಾಯಿ ದುಂಡಗಿದೆ ಎಂದು ಗೊತ್ತಿರುವ ಹುಡುಗ ಪೂರ್ತಿ ವೃತ್ತ ಎಳೆದುಬಿಡುತ್ತಾನೆ. ಕಣ್ಣಿಗೆ ಕಾಣುವುದು ವೃತ್ತವಲ್ಲ, ಅಗಲವಾದ ಚಪ್ಪಟೆ ಅಂಡಾಕಾರ. ಹೋಳಿನ ಬಾಯಿಯ ಮಟ್ಟಕ್ಕೆ ಕಣ್ಣು ತಗ್ಗಿಸಿ ನೋಡಿದರೆ ಅದು ಬರೀ ಒಂದು ಗೆರೆ. ಎದ್ದು ನಿಂತು ಮೇಲಿಂದ ಬಗ್ಗಿ ನೋಡಿದರೆ ಮಾತ್ರ ವೃತ್ತ. ಮಕ್ಕಳು ಈ ಅಂಡಾಕಾರದ ಎರಡು ತುದಿಗಳನ್ನು ಮೀನಿನ ಹಾಗೆ ಚೂಪು ಮಾಡುತ್ತಾರೆ. ಅಲ್ಲಿ ಮೂಲೆ ಇಲ್ಲವೇ ಇಲ್ಲ. ಗೆರೆ ಸಲೀಸಾಗಿ ತಿರುಗಬೇಕು. ಕೈ ಎತ್ತದೆ ಗಾಳಿಯಲ್ಲೇ ನಾಲ್ಕು ಸಲ ಸುತ್ತಿಸಿ, ಆಮೇಲೆ ಪೆನ್ಸಿಲನ್ನು ಕಾಗದಕ್ಕೆ ತಾಗಿಸಿದರೆ ಸರಿಯಾಗಿ ಬರುತ್ತದೆ.

ಇನ್ನು ಬಿಳಿ ತಿರುಳಿನ ದಪ್ಪ. ಸುತ್ತಲೂ ಒಂದೇ ಅಗಲಕ್ಕೆ ಎಳೆದರೆ ಹೋಳು ತಟ್ಟೆಯಾಗುತ್ತದೆ. ಗಮನಿಸಿ ನೋಡಿ: ತಿರುಳಿನ ಅಂಚು ಎಡಬಲಗಳಲ್ಲಿ ಅಗಲವಾಗಿ, ನಮ್ಮ ಕಡೆಗೂ ಹಿಂಬದಿಗೂ ಸಣ್ಣಗೆ ಕಾಣುತ್ತದೆ. ಕಡೆಗೆ ನೆರಳು. ಎಡಗಡೆ ಕಿಟಕಿಯಿಂದ ಬೆಳಕು ಬೀಳುತ್ತಿದ್ದರೆ ಚಿಪ್ಪಿನ ಹೊರಮೈ ನೆರಳು ಬಲಕ್ಕೆ ಬರುತ್ತದೆ. ಒಳಮೈ ನೆರಳು ಮಾತ್ರ ಎಡಕ್ಕೆ, ಬೆಳಕು ಬರುವ ಕಡೆಗೇ ಇರುತ್ತದೆ, ಯಾಕೆಂದರೆ ಆ ಬದಿಯ ಗೋಡೆ ಬೆಳಕಿಗೆ ಬೆನ್ನು ಹಾಕಿದೆ. ಇದೊಂದು ಸೂಕ್ಷ್ಮ ಹಿಡಿದರೆ ಹೋಳು ಕಾಗದದಿಂದ ಎದ್ದು ಕೂರುತ್ತದೆ. ತಿರುಳು ಬಿಳಿ ಎಂದು ಬಿಳಿ ಬಣ್ಣ ಬಳಿಯಬೇಡಿ. ಜಲವರ್ಣದಲ್ಲಿ ಕಾಗದವೇ ಬಿಳಿ. ನೆರಳಿಗೆ ಕಪ್ಪು ಬೇಡ, ನೀಲಿಗೆ ಒಂದಿಷ್ಟು ಕಂದು ಬೆರೆಸಿ ನೀರು ಜಾಸ್ತಿ ಮಾಡಿ ಹಚ್ಚಿದರೆ ಸಾಕು.

ಇನ್ನು ತೆಂಗಿನ ಮರ. ತೆಂಗಿನ ಸೀಮೆಯ ಮಕ್ಕಳೂ ಬರೆಯುವುದು ಕ್ಯಾಲೆಂಡರಿನ ಮರವನ್ನೇ: ಸಮುದ್ರದ ಗಾಳಿಗೆ ಬಾಗಿದ ಕಾಂಡ, ತುದಿಯಲ್ಲಿ ಛತ್ರಿ ಕಡ್ಡಿಯ ಹಾಗೆ ಐದಾರು ಗರಿ. ಮನೆ ಮುಂದಿನ ಮರ ಹೀಗಿರುವುದಿಲ್ಲ. ಈ ಸೀಮೆಯಲ್ಲಿ ಬೆಳೆಯುವ ತಿಪಟೂರು ಟಾಲ್ ಎತ್ತರದ ತಳಿ, ಅದರ ಕಾಂಡ ನೆಟ್ಟಗೆ ಹೋಗುತ್ತದೆ. ಬುಡದಲ್ಲಿ ಒಂದಿಷ್ಟು ಉಬ್ಬು, ಮೇಲೆ ಗರಿ ಉದುರಿದ ಬಳೆಯಂಥ ಗುರುತುಗಳು. ಈ ಬಳೆಗಳು ಬುಡದಿಂದ ತುದಿಯವರೆಗೆ ಒಂದೇ ಅಂತರದಲ್ಲಿಲ್ಲ. ಗೊನೆ ಹತ್ತಿರವಾದಂತೆ ಒತ್ತೊತ್ತಾಗಿ ಕಾಣುತ್ತವೆ, ಅದರಲ್ಲೂ ಕೆಳಗೆ ನಿಂತು ಮೇಲೆ ನೋಡುವವರಿಗೆ. ಗರಿಗಳಿಗೂ ಒಂದು ಕ್ರಮವಿದೆ. ನಡುವೆ ನೆಟ್ಟಗೆ ನಿಂತದ್ದು ಸುಳಿ, ಅದರ ಸುತ್ತ ಓರೆಯಾದವು ಎಳೆಯವು, ನೆಲಕ್ಕೆ ಸಮನಾಗಿ ಚಾಚಿದವು ಬಲಿತವು, ಕಾಂಡಕ್ಕೆ ಜೋತು ಬಿದ್ದವು ಮುದಿ ಗರಿಗಳು. ತಿಂಗಳಿಗೆ ಹೆಚ್ಚುಕಡಿಮೆ ಒಂದರಂತೆ ಸುತ್ತುಸುತ್ತಾಗಿ ಹುಟ್ಟುವುದರಿಂದ ಒಂದರ ನೆತ್ತಿಯ ಮೇಲೆ ಇನ್ನೊಂದು ನಿಲ್ಲುವುದಿಲ್ಲ. ನಮ್ಮ ಕಡೆಗೇ ಚಾಚಿದ ಗರಿಯನ್ನು ಗಿಡ್ಡವಾಗಿ ಬರೆಯಲು ಧೈರ್ಯ ಬೇಕು. ಉದ್ದದ್ದು ಎಂದು ಗೊತ್ತಿರುವುದನ್ನು ಗಿಡ್ಡ ಬರೆಯಲು ಮನಸ್ಸು ಒಪ್ಪುವುದಿಲ್ಲ.

ಗಿಡಮರಗಳ ಚಿತ್ರಕ್ಕೆ ಹೊಂಬಾಳೆಗಿಂತ ಒಳ್ಳೆಯ ಮಾದರಿ ಇಲ್ಲ. ಒಡೆದ ಹಾಳೆಯೊಳಗಿಂದ ಹೊರಬಂದ ಎಳೆಗಳ ತುಂಬ ಅಕ್ಕಿಕಾಳಿನಂಥ ಗಂಡು ಹೂ, ಪ್ರತಿ ಎಳೆಯ ಬುಡದ ಕಡೆ ದುಂಡನೆಯ ಹೆಣ್ಣು ಹೂ. ರೈತರು ಹರಳು ಉದುರಿತು ಎಂದು ಕೊರಗುವುದು ಇದೇ ಹೆಣ್ಣು ಹೂ ಉದುರಿದಾಗ. ಜೀವಶಾಸ್ತ್ರದ ಮೇಡಂ ಕೇಳುವ ಅಂಕಿತ ಚಿತ್ರವೂ ಇಲ್ಲಿಂದಲೇ ಸುಧಾರಿಸುತ್ತದೆ.

ನೆನಪಿನ ಚಿತ್ರಕ್ಕೆ ಸಂತೆ, ಜಾತ್ರೆ, ಬಸ್ ನಿಲ್ದಾಣದಂಥ ವಿಷಯ ಕೊಡುತ್ತಾರೆ. ತಿಪಟೂರಿನ ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರಿನ ದಿನ ಒಂದು ಗಂಟೆ ನಿಂತು ಬಂದವನಿಗೆ ಇಂಥ ವಿಷಯ ಕಷ್ಟವಾಗುವುದಿಲ್ಲ. ಚೀಲದ ರಾಶಿ, ತಕ್ಕಡಿ, ಉಂಡೆ ಕೊಬ್ಬರಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವವರು, ತಲೆಯ ಮೇಲೆ ಚೀಲ ಹೊತ್ತವನ ಬಿಗಿದ ಕುತ್ತಿಗೆ. ಇಡೀ ಮಾರ್ಕೆಟ್ಟನ್ನು ಬರೆಯಲು ಹೋಗಬೇಡಿ. ಮುಂದೆ ದೊಡ್ಡದಾಗಿ ಮೂವರು, ಹಿಂದೆ ಬರೀ ತಲೆಗಳ ಸಾಲು, ಅಷ್ಟೇ. ದೊಡ್ಡವರ ಮೈ ಅವರ ತಲೆಯ ಏಳು ಏಳೂವರೆ ಪಟ್ಟು ಎತ್ತರ ಎಂಬುದು ಕೈಯಲ್ಲಿದ್ದರೆ ಆಳುಗಳು ಗೊಂಬೆಗಳಾಗುವುದಿಲ್ಲ. ಕಾಯಿ ಸುಲಿಯುವವರ ಭಂಗಿಯೂ ಬರೆಯಲು ಒಳ್ಳೆಯದು: ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆ, ಎರಡು ಕೈಯ ಒತ್ತು, ಮುಂದಕ್ಕೆ ಬಾಗಿದ ಬೆನ್ನು. ಮೂರೂ ಸೇರಿ ಒಂದು ತ್ರಿಕೋನವಾಗುತ್ತದೆ.

ವಿನ್ಯಾಸದ ಪತ್ರಿಕೆಯಲ್ಲಿ ಹೆಣ್ಣುಮಕ್ಕಳದು ಒಂದು ಕೈ ಮೇಲು. ಅಂಗಳದಲ್ಲಿ ಚುಕ್ಕಿ ಇಟ್ಟು ಬೆಳೆದವರಿಗೆ ಸಮಮಿತಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ನೇರ ಚುಕ್ಕಿಯ ರಂಗೋಲಿ ಚೌಕದ ಜಾಲ. ಸಂದು ಚುಕ್ಕಿಯದು ತ್ರಿಕೋನದ ಜಾಲ, ಅದರಿಂದಲೇ ಆರು ಎಸಳಿನ ಹೂ ಸಲೀಸಾಗಿ ಮೂಡುತ್ತದೆ. ಪರೀಕ್ಷೆಯಲ್ಲಿ ಕೊಡುವ ವೃತ್ತಕ್ಕೋ ಚೌಕಕ್ಕೋ ಮೊದಲು ಇಂಥ ಜಾಲ ತೆಳ್ಳಗೆ ಎಳೆದುಕೊಂಡು, ಒಂದೇ ಒಂದು ಆಕಾರ ಆರಿಸಿ, ಅದನ್ನು ಮರುಕಳಿಸಿ, ತಿರುಗಿಸಿ, ಕನ್ನಡಿಯಲ್ಲಿ ಕಂಡಂತೆ ಮಗುಚಿ ತುಂಬಿಸಬೇಕು. ಮೂರು ಬಣ್ಣ ದಾಟಬೇಡಿ. ನವಿಲು, ಕಮಲ, ಮಾವಿನಕಾಯಿಗಳನ್ನು ಪರೀಕ್ಷಕರು ಸಾವಿರ ನೋಡಿರುತ್ತಾರೆ. ಚಿಪ್ಪಿನ ಮೂರು ಕಣ್ಣು, ಮಡಿಸಿದ ಗರಿಯ ಓರೆ ಗೆರೆಗಳು, ಮಟ್ಟೆ ಸುಲಿದಾಗ ಕಾಣುವ ನಾರಿನ ಸಾಲು ಅವರಿಗೂ ಹೊಸದು.

ಇದಕ್ಕೆ ಗುರುಗಳು ಬೇಕೆಂದರೆ ದೇವಸ್ಥಾನಗಳಿಗೆ ಹೋಗಿ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದು. ಅದರ ಛತ್ತಿನ ನಡುವೆ ನರ್ತಿಸುವ ಶಿವ, ಸುತ್ತ ಎಂಟು ದಿಕ್ಪಾಲಕರು. ಕುಣಿಯುವ ಮೈಯನ್ನು ಚೌಕದೊಳಗೆ ಇಕ್ಕಟ್ಟಾಗದ ಹಾಗೆ ಕೂರಿಸುವುದು ಹೇಗೆಂದು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳುವುದಿಲ್ಲ. ಅದೇ ಊರಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಯೂ ಇದೆ. ತುರುವೇಕೆರೆಯಲ್ಲಿ ಗಂಗಾಧರೇಶ್ವರ ಗುಡಿಯ ನುಣುಪು ನಂದಿ. ಅದೇ ತಾಲ್ಲೂಕಿನ ನಾಗಲಾಪುರದಲ್ಲಿ, ಹಾಗೆಯೇ ವಿಘ್ನಸಂತೆಯಲ್ಲಿ ಹೊಯ್ಸಳ ಗುಡಿಗಳು. ತಿಪಟೂರಿನಿಂದ ಚನ್ನರಾಯಪಟ್ಟಣದ ಕಡೆ ಹೋಗುವಾಗ ಸಿಗುವ ನುಗ್ಗೇಹಳ್ಳಿ ಹಾಸನ ಜಿಲ್ಲೆಗೆ ಸೇರಿದ್ದಾದರೂ ನಮಗೆ ದೂರವಲ್ಲ. 1246ರ ಆ ಲಕ್ಷ್ಮೀನರಸಿಂಹ ಗುಡಿಯ ಗೋಡೆಗಳಲ್ಲಿ ಬೈಚೋಜ, ಮಲ್ಲಿತಮ್ಮ ಎಂಬ ಇಬ್ಬರು ಶಿಲ್ಪಿಗಳು ಕೆಲಸ ಮಾಡಿದ್ದಾರೆ. ಗುಡಿ ಸುತ್ತುತ್ತ ಯಾವ ಕೈ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹುಡುಕುವುದು ಮಕ್ಕಳಿಗೆ ಒಳ್ಳೆಯ ಆಟ. ಕಟ್ಟೆಯ ಪಟ್ಟಿಗಳಲ್ಲಿ ಆನೆ, ಕುದುರೆಗಳ ಜೊತೆಗೆ ಹರಿಯುವ ಬಳ್ಳಿಯ ಸುರುಳಿಯನ್ನು ಒಂದು ಗೇಣು ನಕಲು ಮಾಡಿಕೊಂಡರೂ ಅಂಚಿನ ವಿನ್ಯಾಸಕ್ಕೆ ವರ್ಷವಿಡೀ ಸರಕಾಯಿತು. ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು, ಮೆತ್ತಗೆ ಕೆತ್ತಿಸಿಕೊಂಡು ಗಾಳಿಗೆ ಗಟ್ಟಿಯಾಗುವಂಥದ್ದು.

ಹೊಯ್ಸಳರ ನಕ್ಷತ್ರಾಕಾರದ ತಳವಿನ್ಯಾಸ ಕಂಪಾಸು ಬಾಕ್ಸಿನ ಪಾಠವೂ ಹೌದು. ಒಂದು ಚೌಕ ಬರೆದು, ಅದರ ನಡುಬಿಂದು ಕದಲಿಸದೆ 45 ಡಿಗ್ರಿ ತಿರುಗಿಸಿ ಮತ್ತೊಂದು ಬರೆದರೆ ಎಂಟು ಮೊನೆಯ ನಕ್ಷತ್ರ. 22.5 ಡಿಗ್ರಿಯಂತೆ ತಿರುಗಿಸುತ್ತ ನಾಲ್ಕು ಚೌಕ ಬರೆದರೆ ಹದಿನಾರು ಮೊನೆ. ಸೋಮನಾಥಪುರದ ಗರ್ಭಗುಡಿಗಳ ತಳ ಇಂಥದ್ದೇ. ಜ್ಯಾಮಿತಿ ಎಂದರೆ ಪ್ರಮೇಯ ಬಾಯಿಪಾಠ ಎಂದುಕೊಂಡ ಮಗುವಿಗೆ ಇದನ್ನು ಮಾಡಿಸಿ ನೋಡಿ.

ಅಕ್ಷರ ಬರವಣಿಗೆಗೆ ಬೇರೆ ವಾಕ್ಯ ಹುಡುಕಬೇಡಿ, ಮೂರು ತಾಲ್ಲೂಕುಗಳ ಹೆಸರೇ ಸಾಕು. ‘ತಿಪಟೂರು’ ನಾಲ್ಕು ಅಕ್ಷರ. ‘ಟೂ’ವಿನ ಕೊಂಬು, ಇಳಿ ಎರಡೂ ಬಲಕ್ಕೆ ಚಾಚುವುದರಿಂದ ಅದಕ್ಕೆ ಉಳಿದವುಗಳಿಗಿಂತ ಹೆಚ್ಚು ಜಾಗ ಬೇಕು. ‘ತುರುವೇಕೆರೆ’ಯಲ್ಲಿ ತೊಡಕು ಏತ್ವದ್ದು. ಸಾಲಾಗಿ ಬರುವ ಮೂರು ಏತ್ವಗಳೂ ಒಂದೇ ಎತ್ತರಕ್ಕೆ ನಿಲ್ಲದಿದ್ದರೆ ಬೋರ್ಡು ಓಲಾಡಿದ ಹಾಗೆ ಕಾಣುತ್ತದೆ. ‘ಚಿಕ್ಕನಾಯಕನಹಳ್ಳಿ’ ಎಂಟು ಅಕ್ಷರ, ಎರಡು ಒತ್ತು. ಒತ್ತಿಗೆ ಕೆಳಗೆ ಅರ್ಧ ಸಾಲು ಬಿಡದೆ ಶುರು ಮಾಡಿದವರು ಕಡೆಗೆ ‘ಳ್ಳಿ’ಯನ್ನು ಚೌಕಟ್ಟಿನಾಚೆ ತಳ್ಳುತ್ತಾರೆ. ಮೊದಲು ಮೂರು ಗೆರೆ: ತಲಕಟ್ಟಿಗೊಂದು, ಪಾದಕ್ಕೊಂದು, ಒತ್ತಿನ ತಳಕ್ಕೊಂದು. ಅಕ್ಷರಗಳನ್ನು ಪೆನ್ಸಿಲಿನಲ್ಲಿ ಎಣಿಸಿ ಜಾಗ ಹಂಚಿ, ಆಮೇಲೆ ಬ್ರಷ್ಷು. ಫ್ಲೆಕ್ಸ್ ಬರುವ ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದವರ ಕ್ರಮವೂ ಇದೇ. ಹಳೆಯ ಗೋಡೆಬರಹ ಎಲ್ಲಾದರೂ ಉಳಿದಿದ್ದರೆ ನಿಂತು ನೋಡಿ.

ಪರ್ಸ್ಪೆಕ್ಟಿವ್ ಎಂದರೆ ಮಕ್ಕಳು ಹೆದರುತ್ತಾರೆ. ಅದನ್ನು ಕಲಿಯಲು ತೋಟದ ಸಾಲಿನ ಮುಂದೆ ನಿಂತರಾಯಿತು. ಸುಮಾರು 30 ಅಡಿಗೊಂದರಂತೆ ಸಾಲಿನಲ್ಲಿ ನೆಟ್ಟ ಮರಗಳು ದೂರ ಹೋದಂತೆ ಗಿಡ್ಡಾಗುತ್ತ, ಹತ್ತಿರ ಹತ್ತಿರವಾಗುತ್ತ ಒಂದು ಬಿಂದುವಿನಲ್ಲಿ ಸೇರುವಂತೆ ಕಾಣುತ್ತವೆ. ಆ ಬಿಂದು ನಮ್ಮ ಕಣ್ಣಿನ ಮಟ್ಟದ ಗೆರೆಯ ಮೇಲಿರುತ್ತದೆ. ಕಷ್ಟ ಇರುವುದು ಮರಗಳ ನಡುವಿನ ಅಂತರ ಎಷ್ಟೆಷ್ಟು ಕಡಿಮೆಯಾಗಬೇಕು ಎಂಬಲ್ಲಿ. ಅದಕ್ಕೊಂದು ಉಪಾಯವಿದೆ. ಮೊದಲ ಮರ ಬರೆಯಿರಿ. ಅದರ ನೆತ್ತಿಯಿಂದ, ನಡುವಿನಿಂದ, ಬುಡದಿಂದ ಆ ಬಿಂದುವಿಗೆ ಮೂರು ಗೆರೆ ಎಳೆಯಿರಿ. ಎರಡನೆಯ ಮರವನ್ನು ಅಂದಾಜಿನಲ್ಲಿ ನಿಲ್ಲಿಸಿ. ಈಗ ಮೊದಲ ಮರದ ನೆತ್ತಿಯಿಂದ ಎರಡನೆಯದರ ನಡುವನ್ನು ಹಾದು ಓರೆಯಾಗಿ ಗೆರೆ ಇಳಿಸಿದರೆ ಅದು ಬುಡದ ಗೆರೆಯನ್ನು ಮುಟ್ಟುವ ಜಾಗವೇ ಮೂರನೆಯ ಮರದ ಬುಡ. ಎರಡನೆಯದರ ನೆತ್ತಿಯಿಂದ ಮೂರನೆಯದರ ನಡುವನ್ನು ಹಾಯಿಸಿದರೆ ನಾಲ್ಕನೆಯದು. ಸ್ಕೇಲು ಹಿಡಿದು ಅಳೆಯುವ ಗೋಜೇ ಇಲ್ಲ. ಕರೆಂಟ್ ಕಂಬ, ರೈಲು ಹಳಿಯ ಪಟ್ಟಿ, ಶಾಲೆಯ ಕಾರಿಡಾರಿನ ಕಂಬಗಳಿಗೂ ಇದೇ ಲೆಕ್ಕ.

ಸಾಮಾನಿನ ಖರ್ಚು ದೊಡ್ಡದೇನಲ್ಲ. ಎಚ್‌ಬಿ, 2ಬಿ, 6ಬಿ ಪೆನ್ಸಿಲು, ರಬ್ಬರು, ಕಾಲು ಇಂಪೀರಿಯಲ್ ಅಳತೆಯ ಡ್ರಾಯಿಂಗ್ ಶೀಟು ಎಂದರೆ 11 ಅಂಗುಲಕ್ಕೆ 15 ಅಂಗುಲ, ಕ್ಲಿಪ್ಪು ಹಾಕಲು ಒಂದು ಹಲಗೆ, ಎರಡು ದುಂಡು ಬ್ರಷ್ಷು, ಒಂದು ಚಪ್ಪಟೆ ಬ್ರಷ್ಷು, ಒಂದು ಡಬ್ಬ ಬಣ್ಣ. ದಿನದ ಅಭ್ಯಾಸಕ್ಕೆ ಶೀಟು ಬೇಡ, ಹಳೆಯ ನೋಟ್‌ಬುಕ್ಕಿನ ಖಾಲಿ ಬೆನ್ನು ಸಾಕು. ಕಲಿತದ್ದನ್ನು ತೋರಿಸಲು ವೇದಿಕೆಯೂ ಇದೆ: ಶಾಲಾ ಮಕ್ಕಳ ಪ್ರತಿಭಾ ಕಾರಂಜಿಯಲ್ಲಿ ಚಿತ್ರಕಲೆ, ರಂಗೋಲಿ ಸ್ಪರ್ಧೆಗಳಿವೆ. ಕ್ಲಸ್ಟರಿನಿಂದ ತಾಲ್ಲೂಕು, ಜಿಲ್ಲೆ, ರಾಜ್ಯದವರೆಗೆ ಹೋಗಬಹುದು. ಒಂಬತ್ತರಿಂದ ಹನ್ನೆರಡನೇ ತರಗತಿಯವರಿಗೆ 2015ರಿಂದ ಕಲೋತ್ಸವವೂ ಇದೆ. ಅದರಲ್ಲಿ ಸ್ಥಳೀಯ ಆಟಿಕೆಗಳಿಗೂ ಜಾಗ ಕೊಟ್ಟಿದ್ದಾರೆ. ತೆಂಗಿನ ಗರಿಯಲ್ಲಿ ಪೀಪಿ, ಗಿಳಿ, ಹಾವು, ಗಿರಿಗಿಟ್ಟಲೆ ಮಾಡಿಕೊಡುವ ಅಜ್ಜಂದಿರು ಯಾವ ಹಳ್ಳಿಯಲ್ಲಿಲ್ಲ?

ಈಗ ಹೊಟ್ಟೆಯ ಮಾತು. ಚಿತ್ರ ಬರೆಯುವ ಮಗು ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಿಯುಸಿಗೆ ಯಾವ ವಿಭಾಗ ತೆಗೆದುಕೊಳ್ಳಬೇಕು ಎಂಬಲ್ಲೇ ಹೆಚ್ಚಿನವರು ಎಡವುವುದು. ಚಿತ್ರಕಲಾವಿದರಾಗಲು, ಎಂದರೆ ಬಿವಿಎ ಪದವಿಗೆ, ಪಿಯುಸಿಯಲ್ಲಿ ಯಾವ ವಿಭಾಗವಾದರೂ ನಡೆಯುತ್ತದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, 1960ರಲ್ಲಿ ಎಂ.ಎಸ್. ನಂಜುಂಡರಾವ್ ಕಟ್ಟಿದ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, 1964ರಲ್ಲಿ ಶುರುವಾದ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ ಇದಕ್ಕೆ ಹೆಸರಾದವು. ಆರ್.ಎಂ. ಹಡಪದರು ಬೆಂಗಳೂರಿನಲ್ಲಿ ಕಟ್ಟಿದ ಕೆನ್ ಕಲಾಶಾಲೆಯಿಂದ ಬಂದ ಕಲಾವಿದರೂ ಬಹಳ ಮಂದಿ. ವಾಸ್ತುಶಿಲ್ಪದ ಬಿ.ಆರ್ಕ್ ಬೇಕೆಂದರೆ ಮಾತು ಬೇರೆ: ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿರಲೇಬೇಕು, ಜೊತೆಗೆ ಡ್ರಾಯಿಂಗ್ ಇರುವ ನಾಟಾ ಪರೀಕ್ಷೆ. ‘ಚಿತ್ರ ಚೆನ್ನಾಗಿ ಬರೀತಾನೆ, ಆರ್ಟ್ಸ್ ಕೊಡಿಸೋಣ’ ಎಂದು ಕಲಾ ವಿಭಾಗಕ್ಕೆ ಸೇರಿಸಿದರೆ ಈ ಬಾಗಿಲು ಅಲ್ಲಿಗೇ ಮುಚ್ಚಿತು. ಪಿಯುಸಿಯ ‘ಆರ್ಟ್ಸ್’ನಲ್ಲಿರುವುದು ಇತಿಹಾಸ, ಅರ್ಥಶಾಸ್ತ್ರ, ಕುಂಚವಲ್ಲ.

ಮೂರನೆಯ ದಾರಿ ಡಿಸೈನ್. ಮನೆಯ ಮಿಕ್ಸಿಯ ಆಕಾರ, ಬಟ್ಟೆಯ ಅಂಚು, ಮೊಬೈಲಿನ ಪರದೆ, ಎಣ್ಣೆ ಡಬ್ಬದ ಲೇಬಲ್ಲು ಎಲ್ಲವನ್ನೂ ಯಾರೋ ಕೂತು ಬರೆದಿರುತ್ತಾರೆ. ಆ ವಿದ್ಯೆಯ ಪದವಿ ಬಿ.ಡೆಸ್. ಬಾಂಬೆ, ದೆಹಲಿ, ಗುವಾಹಟಿ, ಹೈದರಾಬಾದ್ ಐಐಟಿಗಳಿಗೆ ಯೂಸೀಡ್ ಪರೀಕ್ಷೆ, ಎನ್‌ಐಡಿಗೂ ನಿಫ್ಟ್‌ಗೂ ಅವರವರದೇ ಪರೀಕ್ಷೆ. ಮೂರಕ್ಕೂ ಪಿಯುಸಿಯ ಯಾವ ವಿಭಾಗದವರಾದರೂ ಕೂರಬಹುದು. ಯೂಸೀಡ್‌ನ ಒಂದು ಭಾಗ ಕಂಪ್ಯೂಟರಿನಲ್ಲಿ. ಇನ್ನೊಂದು ಭಾಗದಲ್ಲಿ ಕಾಗದದ ಮೇಲೆ ಕೈಯಿಂದ ಚಿತ್ರ ಬರೆಯಬೇಕು. ಅಲ್ಲಿ ಕೇಳುವುದು ಶೇಡಿಂಗಿನ ನುಣುಪನ್ನಲ್ಲ. ಒಂದು ವಸ್ತುವನ್ನು ಬೇರೆ ಬೇರೆ ಮಗ್ಗುಲಿನಿಂದ ಅಳತೆಗೆಡದಂತೆ ಬರೆಯಬಲ್ಲಿರಾ, ಒಂದು ತೊಡಕಿಗೆ ಹೊಸ ಉಪಾಯ ಹೊಳೆಯುತ್ತದೆಯೇ ಎಂದು ನೋಡುತ್ತಾರೆ. ಪ್ರಶ್ನೆಗಳು ಇಂಗ್ಲಿಷಿನಲ್ಲಿರುತ್ತವೆ, ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳು ಹಳೆಯ ಪ್ರಶ್ನೆಪತ್ರಿಕೆಗಳನ್ನು ಮೊದಲ ಪಿಯುಸಿಯಿಂದಲೇ ಓದಿ ರೂಢಿ ಮಾಡಿಕೊಳ್ಳಬೇಕು. ಸರ್ಕಾರಿ ಸಂಸ್ಥೆಗಳಾದರೂ ಶುಲ್ಕ ಕಡಿಮೆಯೇನಲ್ಲ. ವಿದ್ಯಾರ್ಥಿವೇತನದ ವಿಚಾರ ಅರ್ಜಿ ಹಾಕುವ ಮೊದಲೇ ತಿಳಿದುಕೊಳ್ಳಿ.

ಕೆಲವು ಕಲಾ ಕಾಲೇಜುಗಳು, ಡಿಸೈನ್ ಶಾಲೆಗಳು ಪ್ರವೇಶದ ವೇಳೆ ಹಿಂದೆ ಬರೆದ ಚಿತ್ರಗಳನ್ನೂ ಕೇಳುತ್ತವೆ. ಆದ್ದರಿಂದ ಎಂಟನೇ ತರಗತಿಯಿಂದಲೇ ಒಂದು ದೊಡ್ಡ ಫೈಲು ಇಡಿ. ಚಿತ್ರದ ಹಿಂದೆ ತಾರೀಖು, ಎದುರಿಗೆ ಕೂತು ಬರೆದದ್ದೋ ನೆನಪಿನಿಂದ ಬರೆದದ್ದೋ ಎಂದು ಒಂದು ಸಾಲು. ಫೋಟೋ ನೋಡಿ ಬರೆದ ಸಿನಿಮಾ ನಟರು, ಮೊಬೈಲಿನಿಂದ ಇಳಿಸಿದ ನವಿಲು ಅದರಲ್ಲಿ ಬೇಡ. ಕೆಟ್ಟುಹೋದ ಚಿತ್ರಗಳನ್ನೂ ತೆಗೆದು ಹಾಕಬೇಡಿ. ಎಂಟನೇ ತರಗತಿಯ ಚೂಪು ತುದಿಯ ಹೋಳಿಗೂ ಹತ್ತನೇ ತರಗತಿಯ ಹೋಳಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣಿಸಬೇಕು. ಮತ್ತೆ, ಫೈಲನ್ನು ಕಾಯಿ ಅಟ್ಟದಲ್ಲಿ ಇಡಬೇಡಿ, ಇಲಿ ಬಿಡುವುದಿಲ್ಲ.